ಐದೂವರೆಗೆ ಗೇಟು, ಐದೂ ಇಪ್ಪತ್ತಕ್ಕೆ ಬಸ್ಸು

ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್ ಒಂದರ ಚೆಕಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸಂಜೆ 5.30ಕ್ಕೆ ಗೇಟು ತೆರೆಯುತ್ತದೆ. ನಮ್ಮ ಬಡಾವಣೆಯ ಕಡೆ ಹೋಗುವ ಎರಡು ಬಸ್ಸುಗಳು 5.20ರ ಆಸುಪಾಸಿನಲ್ಲಿ ಒಂದರ ಬೆನ್ನಿಗೆ ಒಂದು ಬಂದು, ಅರ್ಧ ಖಾಲಿಯಾಗಿಯೇ ಹೊರಟುಹೋಗುತ್ತಿದ್ದವು. ಮುಂದಿನದು 6.15ಕ್ಕೆ. ಅದರಲ್ಲಿ ಫುಟ್‌ಬೋರ್ಡ್ ಮೇಲೆ ಜಾಗ ಸಿಕ್ಕರೆ ಪುಣ್ಯ, ಸಿಗದವರು ಆಟೋಗೆ ದುಡ್ಡು ಸುರಿಯಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಯಿತು, ಸಂತೋಷ. ಆದರೆ ಹೊರಟುಹೋದ ಬಸ್ಸಿನಲ್ಲಿ ಉಚಿತವಾಗಿ ಕೂರುವುದು ಹೇಗೆ?

‘ಹೆಚ್ಚುವರಿ ಬಸ್ ಬಿಡಿ’ ಎಂದು ಬರೆದು, ಸಾಲುಸಾಲು ಸಹಿ ಹಾಕಿಸಿ ಬಸ್ ಘಟಕಕ್ಕೆ, ಅಂದರೆ ಡಿಪೊಗೆ, ಕೊಟ್ಟೆವು. ಬಸ್ಸಿಲ್ಲ, ಸಿಬ್ಬಂದಿಯಿಲ್ಲ ಎಂಬ ಉತ್ತರ ಬಂತು. ಆಮೇಲೆ ದಾರಿ ತೋರಿಸಿದವರು ಅದೇ ಮಾರ್ಗದ ನಿರ್ವಾಹಕರೊಬ್ಬರು. “ಅಕ್ಕಾ, ಬಸ್ ಕೇಳಬೇಡಿ, ಟೈಮ್ ಕೇಳಿ” ಎಂದರು. ಘಟಕದವರು ಲೆಕ್ಕ ಹಾಕುವುದು ಶೆಡ್ಯೂಲ್‌ಗಳಲ್ಲಂತೆ. ಒಂದು ಬಸ್ಸು, ಅದರ ಚಾಲಕ, ನಿರ್ವಾಹಕ, ಘಟಕ ಬಿಟ್ಟು ಮತ್ತೆ ಸೇರುವವರೆಗಿನ ಟ್ರಿಪ್ಪುಗಳು, ಇವಿಷ್ಟೂ ಸೇರಿ ಒಂದು ಶೆಡ್ಯೂಲ್. ಆಗ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ದುಡಿಮೆ ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆ ಮೀರುವಂತಿರಲಿಲ್ಲ. ಆದ್ದರಿಂದ ಹೊಸ ಬಸ್ಸಿಗೆ ಹೊಸ ಜೋಡಿ ಸಿಬ್ಬಂದಿ ಬೇಕು, ಮೇಲಿನ ಕಚೇರಿಯ ಒಪ್ಪಿಗೆ ಬೇಕು. ಇರುವ ಟ್ರಿಪ್ಪನ್ನು ಸ್ವಲ್ಪ ಹಿಂದೆ ಮುಂದೆ ಮಾಡುವುದನ್ನು ಘಟಕದ ಮಟ್ಟದಲ್ಲೇ ಮಾತನಾಡಿ ನೋಡಬಹುದು ಎಂದು ಅವರ ಸಲಹೆ.

ಹಾಗಾಗಿ ಒಂದು ನೋಟ್‌ಬುಕ್ ತಂದೆವು. ದಿನಾಂಕ, ಮಾರ್ಗ ಸಂಖ್ಯೆ, ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕೆ, ಬಂದ ಸಮಯ, ಹತ್ತಿದವರು, ಹತ್ತಲಾಗದೆ ಉಳಿದವರು, ಇಷ್ಟೇ ಕಾಲಂಗಳು. ನನ್ನ ಕೆಲಸದಲ್ಲಿ ‘ಷರ್ಟು ಚೆನ್ನಾಗಿಲ್ಲ’ ಎಂದರೆ ಸೂಪರ್‌ವೈಸರ್ ಬೈಯುತ್ತಾರೆ. ಯಾವ ತೋಳಿನ ಯಾವ ಹೊಲಿಗೆ ಬಿಟ್ಟಿದೆ ಎಂದು ಸ್ಟಿಕ್ಕರ್ ಅಂಟಿಸಿ ತೋರಿಸಬೇಕು. ಬಸ್ಸಿನ ವಿಷಯವೂ ಹಾಗೆಯೇ. ತೊಡಕೇನೆಂದರೆ, 5.20ರ ಬಸ್ಸು ಬರುವಾಗ ನಾವೆಲ್ಲ ಗೇಟಿನ ಒಳಗಿರುತ್ತೇವೆ. ನಿಲ್ದಾಣದ ಎದುರು ಹೂ ಮಾರುವ ಅಜ್ಜಿಯ ಮೊಮ್ಮಗ ಶಾಲೆ ಬಿಟ್ಟು ಅಲ್ಲಿಗೇ ಬರುತ್ತಿದ್ದ. ಆ ಕಾಲಂ ಪೂರ್ತಿ ಅವನ ಅಕ್ಷರ, ನಮ್ಮದಕ್ಕಿಂತ ದುಂಡಾಗಿದೆ.

ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಅಳಲು ತೋಡಿಕೊಳ್ಳಲು ಅಲ್ಲಿ ಜಾಗವಿಲ್ಲ, ಅದೇ ಒಳ್ಳೆಯದಾಯಿತು. ‘ಬಸ್ ಏಕೆ ಬರುವುದಿಲ್ಲ’ ಎಂದು ಕೇಳಬಾರದು. ‘ಈ ಮಾರ್ಗದ ವೇಳಾಪಟ್ಟಿಯ ಪ್ರತಿ ಕೊಡಿ’ ಎನ್ನಬೇಕು. ಪ್ರತಿ ಬಂದಾಗ ಕಥೆ ತಿಳಿಯಿತು. ಕಾಗದದಲ್ಲಿ ಒಂದು ಬಸ್ಸು 5 ಗಂಟೆಗೆ, ಇನ್ನೊಂದು 5.20ಕ್ಕೆ. ಮೊದಲನೆಯದು ದಾರಿಯ ದಟ್ಟಣೆಯಲ್ಲಿ ಸಿಕ್ಕಿ ತಡವಾಗಿ ಎರಡನೆಯದರ ಜೊತೆ ಸೇರಿಕೊಳ್ಳುತ್ತಿತ್ತು. ಎರಡನೆಯದನ್ನು 5.40ಕ್ಕೆ ತಳ್ಳಿದರೆ ಸಾಕಿತ್ತು.

ಈ ನಡುವೆ 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತು. ಅಲ್ಲಿಯವರೆಗೆ ನಮ್ಮೊಡನೆ ಸಹಿ ಹಾಕಿದ್ದ ವರ್ಕ್‌ಶಾಪ್‌ಗಳ ಗಂಡಸರು ‘ನಿಮಗೇನಮ್ಮ, ಪುಕ್ಕಟೆ’ ಎಂದು ಮುಖ ತಿರುಗಿಸತೊಡಗಿದರು. ಒಂದು ಸಂಜೆ ಜಗಳವೇ ಆಯಿತು. ವಾದದಲ್ಲಿ ಗೆಲ್ಲುವ ಆಸೆ ಬಿಟ್ಟು, ಬೆಳಗಿನ ಬಸ್ಸುಗಳ ಲೆಕ್ಕ ಬರೆಯುವ ಕೆಲಸ ಅವರಿಗೇ ವಹಿಸಿದೆವು. ಬೆಳಿಗ್ಗೆ ನಮಗಿಂತ ಮೊದಲು ಹೊರಡುವವರು ಅವರು, ತೊಂದರೆಯೂ ಅವರದೇ ಹೆಚ್ಚು. ನೋಟ್‌ಬುಕ್ ತುಂಬತೊಡಗಿದ ಮೇಲೆ ಆ ಮಾತು ಕಡಿಮೆಯಾಯಿತು.

ಹೆಂಗಸರಿಗೆ ನಾನು ಪದೇ ಪದೇ ಹೇಳಿದ್ದು ಒಂದೇ: ಎಷ್ಟೇ ನೂಕುನುಗ್ಗಲಿದ್ದರೂ ಶೂನ್ಯ ಟಿಕೆಟ್, ಅಂದರೆ ಉಚಿತ ಪ್ರಯಾಣಕ್ಕೆ ಕೊಡುವ ಟಿಕೆಟ್, ಕೇಳಿ ಪಡೆಯಿರಿ. ಸರ್ಕಾರ ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡುವುದು ಆ ಟಿಕೆಟ್‌ಗಳ ಲೆಕ್ಕದ ಮೇಲೆ. ಟಿಕೆಟ್ ಇಲ್ಲದೆ ಇಳಿದು ಹೋದರೆ ಯಂತ್ರದ ಲೆಕ್ಕದಲ್ಲಿ ನಾವು ಆ ಬಸ್ಸು ಹತ್ತಿಯೇ ಇಲ್ಲ.

ಒಂದೇ ಪುಟದ ಮನವಿ, ಹಿಂದೆ ನೋಟ್‌ಬುಕ್ಕಿನ ಜೆರಾಕ್ಸ್. ಘಟಕದ ವ್ಯವಸ್ಥಾಪಕರು ಈ ಸಲ ಕೂರಿಸಿ ಮಾತನಾಡಿದರು. ಆಕ್ಷೇಪ ಬಂದದ್ದು ನಾವು ಎಣಿಸದ ಕಡೆಯಿಂದ: ಆ ಶೆಡ್ಯೂಲಿನ ಚಾಲಕರು ತಮ್ಮ ಡ್ಯೂಟಿ ಇಪ್ಪತ್ತು ನಿಮಿಷ ತಡವಾಗಿ ಮುಗಿಯುತ್ತದೆ ಎಂದರು. ಅವರ ಮಾತೂ ನ್ಯಾಯವೇ. ಮನೆ ಸೇರುವ ಅವಸರ ನಮಗೊಬ್ಬರಿಗೇ ಇರುವುದೇ? ಅವರೊಡನೆ ಚಹಾ ಕುಡಿದು ಮಾತನಾಡಿದ ಮೇಲೆ, ಮಧ್ಯಾಹ್ನ ಡ್ಯೂಟಿ ಶುರುವಾಗುವ ಹೊತ್ತನ್ನೂ ಅಷ್ಟೇ ಮುಂದಕ್ಕೆ ಹಾಕುವುದೆಂದು ತೀರ್ಮಾನವಾಯಿತು. ಪ್ರಯೋಗಕ್ಕೆಂದು ಶುರುವಾದ 5.40ರ ಬಸ್ಸು ಈಗಲೂ ಓಡುತ್ತಿದೆ. ಶನಿವಾರ ಮಾತ್ರ ಅದನ್ನು ನಂಬುವಂತಿಲ್ಲ.

ನಗರದಲ್ಲಿ ಇದಕ್ಕಿಂತ ದೊಡ್ಡ ಹೋರಾಟಗಳಿವೆ. ಬೆಂಗಳೂರು ಬಸ್ ಪ್ರಯಾಣಿಕರ ವೇದಿಕೆ ದರ ಇಳಿಸಲು, ಬಸ್ಸುಗಳನ್ನು ಹೆಚ್ಚಿಸಲು ಒತ್ತಾಯಿಸುತ್ತಲೇ ಬಂದಿದೆ. 2019ರಲ್ಲಿ ಹೊರವರ್ತುಲ ರಸ್ತೆಯ ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿವರೆಗೆ ಬಸ್ಸಿಗೆಂದೇ ಪಥ ಬಂದಿತ್ತು. ಮೆಟ್ರೋ ಕಾಮಗಾರಿ ಅದನ್ನು ನುಂಗಿತು. ಅಂಥದ್ದೊಂದು ಪಥ ನಮ್ಮ ಕಡೆ ಇದ್ದಿದ್ದರೆ 5 ಗಂಟೆಯ ಬಸ್ಸು 5 ಗಂಟೆಗೇ ಬರುತ್ತಿತ್ತೋ ಏನೋ.

ಈಗ ತಂಗುದಾಣದ ಸರದಿ. ನೆರಳೂ ಇಲ್ಲ, ದೀಪವೂ ಇಲ್ಲ. ಅದು ನಗರ ಪಾಲಿಕೆಯ ಕೆಲಸ, ಸಾರಿಗೆ ನಿಗಮದ್ದಲ್ಲ ಎಂದು ಘಟಕದವರು ಹೇಳಿದ್ದಾರೆ. ಆ ಕಚೇರಿಗೆ ಬೇರೆ ಅರ್ಜಿ, ಇನ್ನೊಂದು ಪೋಸ್ಟಲ್ ಆರ್ಡರ್. ಈ ಸಲ ಬರೆಯುವವರು ವರ್ಕ್‌ಶಾಪಿನವರು.