ಆಫೀಸ್ ಕಂಪ್ಯೂಟರ್‌ಗಳಿಗೆ ರಿಮೋಟಲ್ಲಿ ಯಾರು ಬರ್ತಾರೆ, ಯಾವಾಗ ಹೋಗ್ತಾರೆ: ನಾನು ನೋಡ್ಕೊಳ್ಳೋ ರೀತಿ

ನಮ್ಮಲ್ಲಿ ಅಕೌಂಟ್ಸ್‌ನವರು, ಮನೆಯಿಂದ ಕೆಲಸ ಮಾಡೋರು, ಹೊರಗಿನ ಸಪೋರ್ಟ್‌ನವರು ಎಲ್ಲ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಲ್ಲೇ ಒಳಗೆ ಬರೋದು. ನಿನ್ನೆ ರಾತ್ರಿ ಸರ್ವರಲ್ಲಿ ಯಾರಿದ್ರು ಅಂತ ಬಾಸ್ ಕೇಳಿದ್ರೆ ಉತ್ತರ ಕೈಯಲ್ಲಿರ್ಬೇಕು, ನನಗೆ ಬೇಕಿದ್ದಿದ್ದು ಇಷ್ಟೇ. ಇದಕ್ಕೆ ದುಡ್ಡು ಕೊಟ್ಟು ಏನೂ ತಗೊಳ್ಳಲಿಲ್ಲ, ವಿಂಡೋಸ್ ತಾನಾಗೇ ಬರೆದಿಡೋ ಲಾಗೇ ಸಾಕಾಯ್ತು.

ಯಾರನ್ನ ಕೇಳಿದ್ರೂ ಸೆಕ್ಯುರಿಟಿ ಲಾಗಲ್ಲಿ 4624 (ಲಾಗಾನ್ ಆಯ್ತು ಅನ್ನೋ ಈವೆಂಟ್‌ನ ನಂಬರ್) ನೋಡಿ, ಅದ್ರಲ್ಲಿ ಲಾಗಾನ್ ಟೈಪ್ 10, ಅಂದ್ರೆ ರಿಮೋಟ್ ಡೆಸ್ಕ್‌ಟಾಪ್ ಲಾಗಾನ್, ಹುಡುಕಿ ಅಂತಾರೆ. ತಪ್ಪೇನಿಲ್ಲ, ಆದ್ರೆ 4624 ಅನ್ನೋದು ಶೇರ್ಡ್ ಫೋಲ್ಡರ್ ತೆಗೆದ್ರೂ ಬೀಳತ್ತೆ, ಯಾವ್ದೋ ಸರ್ವಿಸ್ ಶುರುವಾದ್ರೂ ಬೀಳತ್ತೆ, ಅದ್ರ ಜೊತೆಗೆ ಡಿಸ್‌ಕನೆಕ್ಟ್ ಆಗಿದ್ದ (ಲಾಗಾಫ್ ಮಾಡ್ದೇ ಬಿಟ್ಟು ಹೋದ) ಸೆಷನ್‌ಗೆ ಯಾರಾದ್ರೂ ವಾಪಸ್ ಬಂದ್ರೆ ಎಷ್ಟೋ ಸಲ ಟೈಪ್ 7 (ಅನ್‌ಲಾಕ್) ಅಂತ ಬರತ್ತೆ, ಬರೀ 10ಕ್ಕೆ ಫಿಲ್ಟರ್ ಹಾಕಿ ಕೂತ್ರೆ ಆ ಮನುಷ್ಯ ಕಣ್ಣಿಗೇ ಬೀಳಲ್ಲ.

ಅದಕ್ಕೇ ನಾನು ಈವೆಂಟ್ ವ್ಯೂವರಲ್ಲಿ (ವಿಂಡೋಸ್ ಲಾಗ್ ಓದೋ ಟೂಲ್) ಮೊದ್ಲು ತೆಗೆಯೋದು ಟರ್ಮಿನಲ್ ಸರ್ವಿಸಸ್ ಕೆಳಗಿರೋ ಲೋಕಲ್ ಸೆಷನ್ ಮ್ಯಾನೇಜರ್‌ನ ಆಪರೇಷನಲ್ ಲಾಗ್. ಗದ್ದಲ ಇಲ್ಲ. 21 ಅಂದ್ರೆ ಲಾಗಾನ್, 23 ಲಾಗಾಫ್, 24 ಡಿಸ್‌ಕನೆಕ್ಟ್, 25 ವಾಪಸ್ ಬಂದಿದ್ದು. ಯೂಸರ್ ಹೆಸರು, ಸೆಷನ್ ಐಡಿ, ಎಲ್ಲಿಂದ ಬಂದ್ರು ಅನ್ನೋ ಐಪಿ ಇರತ್ತೆ (23ರಲ್ಲಿ ಮಾತ್ರ ಐಪಿ ಇರಲ್ಲ), ಐಪಿ ಜಾಗದಲ್ಲಿ ಲೋಕಲ್ ಅಂತಿದ್ರೆ ಆ ಮೆಷಿನ್ ಮುಂದೇನೇ ಕೂತು ಲಾಗಿನ್ ಆಗಿದ್ದಾರೆ. ವಿಪಿಎನ್ (ಹೊರಗಿಂದ ಆಫೀಸ್ ನೆಟ್‌ವರ್ಕ್‌ಗೆ ಸೇರೋ ಸುರಕ್ಷಿತ ದಾರಿ) ಮೂಲಕ ಬರೋರಿದ್ರೆ ವಿಪಿಎನ್ ಲಾಗೂ ಪಕ್ಕದಲ್ಲಿ ಇಟ್ಕೊಳ್ಳಿ, ಇಲ್ಲಿ ಕಾಣೋದು ಒಳಗಿನ ಐಪಿ ಅಷ್ಟೇ.

ಓದೋದು ಹೇಗೆ ಅಂದ್ರೆ, ರಾತ್ರಿ 11:40ಕ್ಕೆ 24, ಬೆಳಿಗ್ಗೆ 9:05ಕ್ಕೆ 25, ಎರಡ್ರಲ್ಲೂ ಸೆಷನ್ ಐಡಿ 3, ನಡುವೆ 23 ಇಲ್ಲ ಅಂದ್ಕೊಳ್ಳಿ. ಆಸಾಮಿ ಲಾಗಾಫ್ ಮಾಡಿಲ್ಲ, ಮೇಲಿನ ಎಕ್ಸ್ ಒತ್ತಿ ಅಥವಾ ನೆಟ್ ಕಟ್ಟಾಗಿ ಹೋಗಿದ್ದಾರೆ, ಸೆಷನ್ ರಾತ್ರಿಯಿಡೀ ಹಾಗೇ ಜೀವಂತ, ತೆರೆದಿಟ್ಟ ಫೈಲ್ ಲಾಕ್ ಆಗೇ ಇರತ್ತೆ. ಈಗ್ಲೇ ಯಾರಿದ್ದಾರೆ ನೋಡೋಕೆ ಕಮಾಂಡ್ ಪ್ರಾಂಪ್ಟಲ್ಲಿ ಕ್ಯೂಯೂಸರ್ (quser) ಹೊಡೆದ್ರೆ ಇಂಥವ್ರೆಲ್ಲ ಡಿಸ್ಕ್ (Disc, ಅಂದ್ರೆ ಡಿಸ್‌ಕನೆಕ್ಟೆಡ್) ಅಂತ ಕಾಣ್ತಾರೆ. ಗ್ರೂಪ್ ಪಾಲಿಸಿಯಲ್ಲಿ (ಎಲ್ಲಾ ಮೆಷಿನ್‌ಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಹಾಕೋ ಜಾಗ) ಡಿಸ್‌ಕನೆಕ್ಟೆಡ್ ಸೆಷನ್‌ಗೆ ಟೈಮ್ ಲಿಮಿಟ್ ಹಾಕಿದ ಮೇಲೇನೇ ನಮ್ಮಲ್ಲಿ ಈ ಕಾಟ ಕಮ್ಮಿ ಆಗಿದ್ದು.

ಲಾಗ್ ಸೈಜ್ ಮರೀಬೇಡಿ. ಈ ಲಾಗ್‌ಗೆ ಡಿಫಾಲ್ಟಾಗಿ ಸಿಗೋದು ಸುಮಾರು 1 ಎಂಬಿ, ಸೆಕ್ಯುರಿಟಿ ಲಾಗ್‌ಗೆ 20 ಎಂಬಿ, ತುಂಬಿದ್ರೆ ಹಳೇದ್ರ ಮೇಲೇನೇ ಬರೀತಾ ಹೋಗತ್ತೆ. ಸೈಜ್ ಏರಿಸಿ, ಈವೆಂಟ್ ಫಾರ್ವರ್ಡಿಂಗ್ ಹಾಕಿ ಎಲ್ಲಾ ಒಂದೇ ಮೆಷಿನ್‌ಗೆ ಬರೋ ಹಾಗೆ ಮಾಡ್ಕೊಂಡಿದ್ದೀನಿ, ಅದಕ್ಕೆ ಪೋರ್ಟ್ 5985 ಆಫೀಸ್ ನೆಟ್‌ವರ್ಕ್ ಒಳಗಡೆ ತೆರೆದಿರ್ಬೇಕು. ಸೆಕ್ಯುರಿಟಿ ಲಾಗೂ ಬೇಕಂದ್ರೆ ನೆಟ್‌ವರ್ಕ್ ಸರ್ವಿಸ್ ಅಕೌಂಟನ್ನ ಈವೆಂಟ್ ಲಾಗ್ ರೀಡರ್ಸ್ ಗ್ರೂಪ್‌ಗೆ ಸೇರಿಸ್ಬೇಕು, ಇಲ್ಲಾಂದ್ರೆ ಬೇರೆಲ್ಲ ಬಂದು ಅದೊಂದೇ ಬರಲ್ಲ. ಯಾರಾದ್ರೂ ಒಳಗೆ ಬಂದು ಸೆಕ್ಯುರಿಟಿ ಲಾಗ್ ಅಳಿಸಿದ್ರೂ ಕಾಪಿ ನನ್ನ ಹತ್ರ ಇರತ್ತೆ, ಅಳಿಸಿದ್ದಕ್ಕೆ 1102 ಬೇರೆ ಬೀಳತ್ತೆ.

ಬೇರೆ ಕಂಪನಿಗಳ ರಿಮೋಟ್ ಟೂಲ್‌ಗಳಾದ ಎನಿಡೆಸ್ಕ್, ಟೀಮ್‌ವ್ಯೂವರ್ ಮಾತ್ರ ಈ ಬಲೆಗೆ ಬೀಳಲ್ಲ. ಅವು ಮುಂದೆ ತೆರೆದಿರೋ ಸ್ಕ್ರೀನನ್ನೇ ತೋರಿಸೋದ್ರಿಂದ 21 ಬರಲ್ಲ, ಒಳಗಿಂದ ಹೊರಗೆ ಕನೆಕ್ಟ್ ಆಗೋದ್ರಿಂದ ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್ 3389 ಮುಚ್ಚಿದ್ರೂ ಕೆಲಸ ಮಾಡ್ತವೆ. ಅವು ತಮ್ಮದೇ ಲಾಗ್ ಇಡ್ತವೆ ನಿಜ, ಆದ್ರೆ ಪ್ರತಿ ಮೆಷಿನ್‌ಗೂ ಹೋಗಿ ಅದನ್ನ ಓದೋರ್ಯಾರು? ಒಂದು ಟೂಲ್ ಮಾತ್ರ ಬಿಟ್ಟು ಮಿಕ್ಕಿದ್ದು ತೆಗೆಸಿದೆ, ಹೀಗೆಲ್ಲ ಲಾಗ್ ನೋಡ್ತೀವಿ ಅಂತ ಸ್ಟಾಫ್‌ಗೆಲ್ಲ ಮೇಲ್ ಕೂಡ ಹಾಕಿಸಿದೆ, ಕದ್ದು ನೋಡೋದು ನನಗಿಷ್ಟ ಇಲ್ಲ.

ಇನ್ನು ಅಲರ್ಟ್ ಇಟ್ಟಿರೋದು 4625ಕ್ಕೆ, ಅಂದ್ರೆ ಲಾಗಾನ್ ಫೇಲ್ ಆಗಿದ್ದಕ್ಕೆ, ಒಂದೇ ಐಪಿಯಿಂದ ಸಾಲಾಗಿ ಬಂದ್ರೆ ಮೇಲ್ ಬರತ್ತೆ. ಎನ್‌ಎಲ್‌ಎ (ಸೆಷನ್ ತೆರೆಯೋ ಮುಂಚೇನೇ ಪಾಸ್‌ವರ್ಡ್ ಪರೀಕ್ಷಿಸೋ ಸೆಟ್ಟಿಂಗ್) ಆನ್ ಇದ್ರೆ ಇದು ಟೈಪ್ 3 (ನೆಟ್‌ವರ್ಕ್ ಲಾಗಾನ್) ಅಂತ ಬೀಳತ್ತೆ, 10 ಹುಡುಕ್ಬೇಡಿ. ಒಳಗಿನ ಐಪಿಯಾಗಿದ್ರೆ ಗಾಬರಿ ಬೀಳೋ ಮುಂಚೆ ಆ ಯೂಸರ್ ಪಾಸ್‌ವರ್ಡ್ ಬದಲಾಯಿಸಿದ್ರಾ ಕೇಳಿ, ನಮ್ಮಲ್ಲಿ ಬಹುಪಾಲು ಸಲ ಎಲ್ಲೋ ಸೇವ್ ಆಗಿರೋ ಹಳೇ ಪಾಸ್‌ವರ್ಡೇ ಆಗಿರತ್ತೆ.