ಎಡಗಡೆ ಬಾಗಿಲು ಕೊಟ್ಟ ಕೀ

ಬಳ್ಳಾರಿಯ ಸುಧಾ ಕ್ರಾಸ್‌ನಲ್ಲಿ ರೈಲ್ವೆ ಗೇಟ್ ಹಾಕಿತ್ತು. ಗೂಡ್ಸ್ ಗಾಡಿ ದಾಟೋಕೆ ಹೊತ್ತಾಗುತ್ತೆ, ಇಂಜಿನ್ ಆಫ್ ಮಾಡೋಣ ಅಂತ ಕೀಗೆ ಕೈ ಹಾಕಿದೆ. ತಿರುಗಿಸುವ ಮೊದಲೇ ಅದು ಕೈಗೆ ಬಂತು. ಇಂಜಿನ್ ಮಾತ್ರ ತನ್ನ ಪಾಡಿಗೆ ಗುರುಗುಡುತ್ತಲೇ ಇತ್ತು. ಪಕ್ಕದಲ್ಲಿದ್ದ ಅಮ್ಮ ನೋಡಿ, "ಇದೇನಪ್ಪಾ, ಕೀಲಿಕೈ ಇಲ್ದಂಗ ಓಡ್ತದಾ ಇದು?" ಅಂದರು.

ಗಾಡಿ ಅಪ್ಪ ಕೊಂಡ 1999ರ ಮಾರುತಿ 800. ಕೆಎ 34, ಕಾರ್ಬುರೇಟರ್ ಇರುವುದು. ಮೊದಲ 15 ವರ್ಷದ ಆರ್‌ಸಿ ಮುಗಿದ ಮೇಲೆ ಐದೈದು ವರ್ಷಕ್ಕೆ ರಿನ್ಯೂ ಮಾಡಿಸುತ್ತಾ 2014, 2019, 2024 ಮೂರನ್ನೂ ದಾಟಿಸಿದ್ದೇವೆ. ಇಂಜಿನ್ ಗಟ್ಟಿಯಾಗಿದೆ. ಕೈ ಕೊಟ್ಟಿದ್ದು ಅಂಗೈಯಲ್ಲಿ ಹಿಡಿಯುವ ಈ ತುಂಡು.

ಓಡುವಾಗ ಕೀ ಈಚೆ ಬರುತ್ತಿದೆ ಅಂದರೆ ಕೀ ಸವೆದಿದೆ, ಲಾಕ್ ಒಳಗೆ ಕೀಗೆ ತಗಲುವ ತೆಳ್ಳಗಿನ ಲೋಹದ ಪತ್ತಿಗಳೂ ಸವೆದಿವೆ ಅಂತ ಅರ್ಥ. ಅದು ಆಗ ನನಗೆ ಗೊತ್ತಿರಲಿಲ್ಲ. ಹಾಗೇ ಒಂದು ತಿಂಗಳು ಓಡಿಸಿದೆ. ಆಮೇಲೆ ಶುರುವಾಯಿತು ನೋಡಿ ತಮಾಷೆ. ಕೀ ಹಾಕಿದರೆ ತಿರುಗುವುದಿಲ್ಲ. ಸ್ವಲ್ಪ ಈಚೆ ಎಳೆದು, ಮೇಲಕ್ಕೆ ಒತ್ತಿ, ಸ್ಟೇರಿಂಗ್ ಅಲ್ಲಾಡಿಸಿದರೆ ಹತ್ತು ಸಲಕ್ಕೆ ಒಂದು ಸಲ ತಿರುಗುತ್ತಿತ್ತು. ಸ್ಟೇರಿಂಗ್ ಲಾಕ್ ಬಿಗಿಯಾಗಿದ್ದರೂ ಕೀ ತಿರುಗುವುದಿಲ್ಲ, ಅದಕ್ಕೇ ಮೊದಲು ಅದನ್ನು ಎಡಕ್ಕೆ ಬಲಕ್ಕೆ ಆಡಿಸಿ ನೋಡಬೇಕು. ನಮ್ಮದು ಅಷ್ಟಕ್ಕೇ ಮುಗಿಯುವ ಕಾಯಿಲೆ ಆಗಿರಲಿಲ್ಲ.

ಮೊದಲು ಮಾಡಿದ ತಪ್ಪು, ಎಣ್ಣೆ. ಮನೆಯಲ್ಲಿದ್ದ ಕೊಬ್ಬರಿ ಎಣ್ಣೆಯನ್ನೇ ನಾಲ್ಕು ಹನಿ ಇಗ್ನಿಷನ್ ಒಳಗೆ ಬಿಟ್ಟೆ. ಎರಡು ದಿನ ಬೆಣ್ಣೆ ಹಾಗೆ ತಿರುಗಿತು. ನಮ್ಮ ಬಳ್ಳಾರಿ ಧೂಳು ಗೊತ್ತಲ್ವಾ? ಸಂಡೂರು ಕಡೆಯಿಂದ ಅದಿರು ಲಾರಿಗಳು ಓಡಾಡುವ ರಸ್ತೆಯಲ್ಲಿ ಗಾಜು ಇಳಿಸಿಕೊಂಡು ಒಂದು ಸಲ ಹೋಗಿಬಂದರೆ ಬಿಳಿ ಅಂಗಿ ಕಾವಿ ಆಗುತ್ತದೆ. ಆ ಕೆಂಪು ಧೂಳು ಎಣ್ಣೆಗೆ ಕೂತು ಒಳಗೆ ಅರಲು ಆಯಿತು. ಮೂರನೇ ದಿನ ಕೀ ಒಳಗೇ ಹೋಗಲಿಲ್ಲ.

ಎರಡನೇ ತಪ್ಪು, ಡೂಪ್ಲಿಕೇಟ್ ಮಾಡಿಸಿದ್ದು. ಫುಟ್‌ಪಾತ್ ಮೇಲೆ ಮಿಷಿನ್ ಇಟ್ಟುಕೊಂಡಿದ್ದ ಹುಡುಗ ಐದೇ ನಿಮಿಷದಲ್ಲಿ ಕೊಯ್ದು ಕೊಟ್ಟ. ಹೊಸದು ಫಳಫಳ ಹೊಳೆಯುತ್ತಿತ್ತು, ತಿರುಗಲು ಮಾತ್ರ ಹಳೆಯದಕ್ಕಿಂತ ಕಷ್ಟ. ಹುಡುಗನ ತಪ್ಪೇನಿಲ್ಲ. ಆ ಮಿಷಿನ್‌ನಲ್ಲಿ ಒಂದು ಕಡೆ ಹಳೇ ಕೀ ಮೇಲೆ ಒಂದು ಕಡ್ಡಿ ಜಾರುತ್ತದೆ, ಇನ್ನೊಂದು ಕಡೆ ಚಕ್ರ ಅದೇ ಏರಿಳಿತವನ್ನು ಹೊಸ ಬ್ಲಾಂಕ್ (ಇನ್ನೂ ಹಲ್ಲು ಕೊಯ್ಯದ ಕೀ) ಮೇಲೆ ಕೊಯ್ಯುತ್ತದೆ. ಹಳೆಯದು ಎಷ್ಟು ಸವೆದಿದೆಯೋ ಅಷ್ಟೂ ಸವೆತ ಹೊಸದಕ್ಕೂ ಬರುತ್ತದೆ. ಸಾಲದ್ದಕ್ಕೆ ನನ್ನ ಹತ್ತಿರ ಇದ್ದದ್ದೇ ಡೂಪ್ಲಿಕೇಟ್. ಅಸಲಿ ಕೀಯನ್ನು ಅಪ್ಪ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಎಂದೋ ಕಳೆದಿದ್ದರು. ಹೊಸ ಗಾಡಿ ಜೊತೆ ಕೀ ನಂಬರ್ ಒತ್ತಿದ ಸಣ್ಣ ಬಿಲ್ಲೆ ಬಂದಿರುತ್ತದೆ. ಅದಿದ್ದರೆ ನಂಬರ್ ನೋಡಿಯೇ ಸರಿಯಾದ ಅಳತೆಗೆ ಕೊಯ್ಯಿಸಬಹುದಿತ್ತು. ಅದೂ ಅದೇ ಗೊಂಚಲಿನಲ್ಲಿತ್ತು.

ಶೋರೂಮಿನಲ್ಲಿ ಕೇಳಿದಾಗ, ಪೂರ್ತಿ ಲಾಕ್ ಸೆಟ್ ಬದಲಾಯಿಸಿ, ಸಿಕ್ಕರೆ ತರಿಸುತ್ತೇವೆ ಅಂದರು. ಒಂದು ಕೀಗೋಸ್ಕರ ಇಗ್ನಿಷನ್, ಎರಡು ಬಾಗಿಲು ಎಲ್ಲಾ ಹೊಸದು. ಮನಸ್ಸು ಒಪ್ಪಲಿಲ್ಲ.

ದಾರಿ ತೋರಿಸಿದ್ದು ಕೌಲ್ ಬಜಾರಿನ ಒಬ್ಬ ವಯಸ್ಸಾದ ಕೀ ಮಾಡುವವರು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ, ನಾನೂ ಹಾಗೇ ಅಂದೆ. ನನ್ನ ಕೀಯನ್ನು ಬೆಳಕಿಗೆ ಹಿಡಿದು ಹೆಬ್ಬೆರಳಲ್ಲಿ ಸವರಿದರು. "ಈ ಚಾವಿ ಸತ್ತು ಹೋಗೈತ್ರಿ ಸಾರ್. ಹೆಣ ನೋಡಿ ಮಗು ಮಾಡು ಅಂದ್ರ ಹೆಂಗ?" ಅಂದರು. (ಅಮ್ಮನಿಗೆ ಕೀಲಿಕೈ, ಚಾಚಾಗೆ ಚಾವಿ, ನನಗೆ ಕೀ. ಮೂರು ಹೆಸರು, ತಿರುಗೋದು ಮಾತ್ರ ಒಂದೂ ಇಲ್ಲ.) ಆಮೇಲೆ ಅವರು ಕೇಳಿದ ಪ್ರಶ್ನೆಯೇ ಎಲ್ಲದಕ್ಕೂ ಮದ್ದು: "ಎಡಗಡೆ ಬಾಗ್ಲಾ ಎಷ್ಟು ಸಲ ಕೀ ಹಾಕಿ ತೆಗೀತೀರಿ?"

ಯಾವಾಗಲೂ ಇಲ್ಲ! ನಾವು ಬಲಗಡೆ ಬಾಗಿಲು ತೆಗೆದು, ಕೈ ಚಾಚಿ ಎಡಗಡೆಯದನ್ನು ಒಳಗಿಂದ ತೆಗೆಯುತ್ತೇವೆ. ಹಾಗಾಗಿ ಎಡಗಡೆ ಲಾಕ್ ಒಳಗೆ 1999ರ ಅಳತೆ ಸವೆಯದೆ ಕೂತಿರುತ್ತದೆ. ಅದನ್ನು ಬಿಚ್ಚಿ ತನ್ನಿ ಅಂದರು. ಬರುವಾಗ ಆರ್‌ಸಿಯನ್ನೂ ತರಲು ಹೇಳಿದರು. ಯಾರ ಗಾಡಿ ಅಂತ ಕೇಳದೆ ಕಾರಿನ ಕೀ ಮಾಡಿಕೊಡುವವರ ಹತ್ತಿರ ಹೋಗಬಾರದು ಅನ್ನೋದು ನನ್ನ ಅಭಿಪ್ರಾಯ.

ಭಾನುವಾರ ಬೆಳಿಗ್ಗೆ ಬಾಗಿಲು ಬಿಚ್ಚಿದೆ. ಆರ್ಮ್‌ರೆಸ್ಟ್ ಸ್ಕ್ರೂ ಸುಲಭ. ಗಾಜು ಇಳಿಸುವ ಹ್ಯಾಂಡಲ್ ಹತ್ತಿರ ಅರ್ಧ ಗಂಟೆ ಹೋಯಿತು. ಅದಕ್ಕೆ ಸ್ಕ್ರೂ ಇಲ್ಲ, ಹಿಂದೆ ಒಂದು ತಂತಿ ಕ್ಲಿಪ್ ಇದೆ. ಹಳೇ ಪಂಚೆಯ ಒಂದು ಪಟ್ಟಿಯನ್ನು ಹ್ಯಾಂಡಲ್ ಹಿಂದೆ ತೂರಿಸಿ, ಎರಡೂ ತುದಿ ಹಿಡಿದು ಬೂಟು ಒರೆಸುವ ಹಾಗೆ ಆ ಕಡೆ ಈ ಕಡೆ ಎಳೆದರೆ ಕ್ಲಿಪ್ ಟಣ್ ಅಂತ ಹಾರುತ್ತದೆ. ನನ್ನದು ಹಾರಿ ತುಳಸಿ ಕಟ್ಟೆ ಹತ್ತಿರ ಬಿತ್ತು. ಹುಡುಕಲು ಇನ್ನೊಂದು ಕಾಲು ಗಂಟೆ. ನೀವು ಮಾಡುವುದಾದರೆ ಪಕ್ಕದಲ್ಲಿ ಒಬ್ಬರನ್ನು ಟವೆಲ್ ಹಿಡಿಸಿ ನಿಲ್ಲಿಸಿ. ಪ್ಯಾನೆಲ್ ಎಬ್ಬಿಸಿ, ಪ್ಲಾಸ್ಟಿಕ್ ಹಾಳೆ ಸರಿಸಿದರೆ ಲಾಕ್ ಕಾಣುತ್ತದೆ. ಅದನ್ನು ಹಿಡಿದಿರುವುದು ಲಾಳದ ಆಕಾರದ ಒಂದು ಪಟ್ಟಿ. ಲಾಕಿಗೆ ಸಿಕ್ಕಿಸಿದ ಕಡ್ಡಿ ಬಿಡಿಸಿ, ಲಾಳ ಎಳೆದರೆ ಲಾಕ್ ಕೈಗೆ ಬಂತು.

ಚಾಚಾ ಅದರ ಒಳಗಿನ ಉರುಳೆಯನ್ನು ಹೊರಗೆ ತೆಗೆದು ತೋರಿಸಿದರು. ಹೆಬ್ಬೆರಳಿನಷ್ಟೂ ಇಲ್ಲದ ಉರುಳೆ. ಅದರ ಸೀಳುಗಳಲ್ಲಿ ತೆಳ್ಳಗಿನ ಹಿತ್ತಾಳೆ ಪತ್ತಿಗಳು ಸಾಲಾಗಿ, ಒಂದೊಂದಕ್ಕೂ ಕೂದಲಿನಂಥ ಸ್ಪ್ರಿಂಗ್. ಕೀ ಇಲ್ಲದಾಗ ಪತ್ತಿಗಳು ಹೊರಗೆ ಚಾಚಿ ಸುತ್ತಲಿನ ಗೂಡಿಗೆ ಸಿಕ್ಕಿಕೊಂಡಿರುತ್ತವೆ. ಸರಿಯಾದ ಕೀ ಹೋದರೆ ಎಲ್ಲವೂ ಉರುಳೆಯ ಮೈಗೆ ಸಮ ಆಗುತ್ತವೆ, ಆಗ ತಿರುಗುತ್ತದೆ. ನನ್ನ ಹಳೇ ಕೀ ಹಾಕಿ ನೋಡಿದೆವು. ಎರಡು ಪತ್ತಿ ಉಗುರಿಗೆ ತಗಲುವಷ್ಟು ಎದ್ದೇ ಇದ್ದವು.

ಹೊಸ ಬ್ಲಾಂಕ್‌ನ ಉದ್ದಕ್ಕೂ ಇರುವ ಗೀರು ನಮ್ಮ ಲಾಕಿಗೆ ಹೊಂದುತ್ತದಾ ಅಂತ ನೋಡಿ, ಅದನ್ನು ಒಳಗೆ ಹಾಕಿದರು. ಪತ್ತಿಗಳು ಒಂದೊಂದು ಎತ್ತರಕ್ಕೆ ನಿಂತವು. ಪತ್ತಿ ಕೂರುವ ಜಾಗಕ್ಕೆ ಗುರುತು ಹಾಕಿ ಅರದಿಂದ ಎರಡು ಎಳೆ ಉಜ್ಜುವುದು, ಹಾಕಿ ನೋಡುವುದು, ಮತ್ತೆ ಎರಡು ಎಳೆ. ನನಗೂ ಒಂದು ಬ್ಲಾಂಕ್ ಕೊಟ್ಟು "ನೀವೂ ಮಾಡ್ರಿ" ಅಂದರು. ಮೂರನೇ ಪತ್ತಿ ಹತ್ತಿರ ಒಂದು ಎಳೆ ಜಾಸ್ತಿ ಹೋಯಿತು. ಪತ್ತಿ ಕೆಳಗಡೆಯಿಂದ ಮೂತಿ ಹಾಕಿತು. ಒಂದು ಸಲ ಹೆಚ್ಚು ಉಜ್ಜಿದ ಮೇಲೆ ಆ ಬ್ಲಾಂಕ್ ಬಿಸಾಕಬೇಕು, ಲೋಹ ವಾಪಸ್ ಬರಲ್ಲ. ಅವರದು ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಎಲ್ಲ ಪತ್ತಿಗಳ ಮೇಲೆ ಬೆರಳಾಡಿಸಿದರೆ ಒಂದೇ ನುಣುಪು. ಈಗ ಈ ಕೀ ನೋಡಿ ಮಿಷಿನ್‌ನಲ್ಲಿ ಇನ್ನೆರಡು ಕೊಯ್ದರು. ಎಲ್ಲಾ ಸೇರಿ 600 ರೂಪಾಯಿ. ನಾನು ಹಾಳು ಮಾಡಿದ ಬ್ಲಾಂಕಿಗೆ ದುಡ್ಡು ತಗೊಳ್ಳಲಿಲ್ಲ.

ಇಗ್ನಿಷನ್‌ಗೆ ಹೊಸ ಕೀ ಹಾಕುವ ಮೊದಲು ನನ್ನ ಕೊಬ್ಬರಿ ಎಣ್ಣೆ ಪಾಪ ತೊಳೆಯಬೇಕಿತ್ತು. ಬ್ಯಾಟರಿ ವೈರ್ ಬಿಚ್ಚಿ, ಕಾರ್ಬುರೇಟರ್ ತೊಳೆಯುವ ಸ್ಪ್ರೇ ಹೊಡೆದೆ. ಕೆಂಪು ರಾಡಿ ಇಳಿಯಿತು. ಪೂರ್ತಿ ಒಣಗಿದ ಮೇಲೆ ಪೆನ್ಸಿಲ್ ಸೀಸವನ್ನು ನುಣ್ಣಗೆ ಕೆರೆದು, ಆ ಪುಡಿ ಕೀಗೆ ಸವರಿ ಹತ್ತು ಸಲ ಒಳಗೆ ಹೊರಗೆ ಆಡಿಸಿದೆ. ಅದು ಒಣ ಪುಡಿ, ಧೂಳನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಕೀ ತಿರುಗಿತು. ಇಂಜಿನ್ ಓಡುವಾಗ ಎಳೆದು ನೋಡಿದೆ, ಬರಲಿಲ್ಲ.

ಈ ಉತ್ಸಾಹದಲ್ಲೇ ಹೊಸಪೇಟೆಯ ನಮ್ಮ ಭಾವನಿಗೆ ಫೋನ್ ಮಾಡಿ, ನಿಮ್ಮದಕ್ಕೂ ಹೀಗೇ ಮಾಡಿಸಿ ಅಂದೆ. ಅವರದು 2010ರ ಗಾಡಿ. ಕೀ ಚೆನ್ನಾಗಿಯೇ ಕೊಯ್ಯಿಸಿದರು, ಬಾಗಿಲು ತೆಗೆಯಿತು, ಸೆಲ್ಫ್ ಕೂಡ ಹೊಡೆಯಿತು, ಇಂಜಿನ್ ಮಾತ್ರ ಹಿಡಿಯಲಿಲ್ಲ. ಅದು ಚಿಪ್ ಕೀ. ಪ್ಲಾಸ್ಟಿಕ್ ತಲೆಯೊಳಗೆ ಬ್ಯಾಟರಿ ಇಲ್ಲದ ಸಣ್ಣ ಚಿಪ್ ಇರುತ್ತದೆ. ಇಗ್ನಿಷನ್ ಸುತ್ತ ಇರುವ ತಂತಿ ಸುರುಳಿ ಅದನ್ನು ಎಬ್ಬಿಸಿ ಗುರುತು ಕೇಳುತ್ತದೆ, ಗುರುತು ಸಿಗದಿದ್ದರೆ ಇಂಜಿನ್ ಸ್ಟಾರ್ಟ್ ಆಗಲು ಬಿಡುವುದಿಲ್ಲ. ಹಳೇ ಕೀಯ ತಲೆಯನ್ನು ಹೊಸದರ ತಲೆಗೆ ಒತ್ತಿ ಹಿಡಿದು ಹೊಸದನ್ನು ತಿರುಗಿಸಿ ನೋಡಿ ಅಂದೆ. ಸ್ಟಾರ್ಟ್ ಆಯಿತು. ಅಲ್ಲಿಗೆ ಕೀ ಕೊಯ್ದದ್ದು ಸರಿ, ಬಾಕಿ ಇರುವುದು ಚಿಪ್ ಅಂತ ಗೊತ್ತಾಯಿತು. ಹೊಸ ಚಿಪ್ಪನ್ನು ಮಿಷಿನ್ ಹಾಕಿ ಗಾಡಿಗೆ ಪರಿಚಯ ಮಾಡಿಸಬೇಕು. ಒಂದು ಕೀ ಜೀವಂತ ಇರುವಾಗ ಆ ಕೆಲಸ ಹಗುರ, ಎಲ್ಲಾ ಕಳೆದ ಮೇಲೆ ಖರ್ಚೂ ತಲೆನೋವೂ ಜಾಸ್ತಿ. ಗಾಡಿ ಕಳುವಾದರೆ ಇನ್ಶೂರೆನ್ಸ್‌ನವರು ಎರಡೂ ಕೀ ಕೇಳುತ್ತಾರೆ ಅನ್ನೋದು ಇನ್ನೊಂದು ಮಾತು. ಭಾವ ಮಾಡಿಸಿಕೊಂಡರು, ನನ್ನ ಬಿಲ್ಲಿನ ಎಷ್ಟು ಪಟ್ಟು ಕೊಟ್ಟರು ಅಂತ ಹೇಳಲಿಲ್ಲ.

ನನ್ನ 800ರಲ್ಲಿ ಒಂದು ಕೆಲಸ ಇನ್ನೂ ಉಳಿದಿದೆ. ಬಲಗಡೆ ಬಾಗಿಲಿನ ಲಾಕ್ ಹಳೇ ಕೀ ಜೊತೆಗೇ ಸವೆದದ್ದು, ಹೊಸ ಕೀಗೆ ಜಪ್ಪಯ್ಯ ಅಂದರೂ ತೆಗೆಯುತ್ತಿಲ್ಲ. ಅದರ ಪತ್ತಿ ಬದಲಾಯಿಸಲು ಆಗುತ್ತೆ, ಬಿಚ್ಚಿ ತನ್ನಿ ಅಂದಿದ್ದಾರೆ ಚಾಚಾ. ಸದ್ಯಕ್ಕೆ ಎಡಗಡೆ ಬಾಗಿಲು ತೆಗೆದು, ಒಳಗೆ ಬಗ್ಗಿ, ಕೈ ಚಾಚಿ ಬಲಗಡೆಯದನ್ನು ತೆಗೆಯುತ್ತಿದ್ದೇನೆ.