ಮಗು ಸನ್‌ರೂಫ್‌ನಿಂದ ತಲೆ ಹೊರಹಾಕಿದ್ದರೆ ಹೇಳುವುದು ಹೇಗೆ?
ಸಿಗ್ನಲ್‌ನಲ್ಲಿ ಪಕ್ಕದ ಕಾರಿನ ಮಗು ಬೆಲ್ಟ್ ಇಲ್ಲದೆ ಮುಂದಿನ ಸೀಟಿನಲ್ಲಿ ನಿಂತಿದ್ದರೆ, ಅಥವಾ ಸನ್‌ರೂಫ್‌ನಿಂದ ತಲೆ ಹೊರಹಾಕಿದ್ದರೆ, ಅಪಾಯದ ಮಾತೆತ್ತಬೇಡಿ, ದಂಡದ ಮಾತೆತ್ತಿ: "ಸರ್, ಮಗುವಿಗೆ ಬೆಲ್ಟ್ ಇಲ್ಲದಿದ್ದರೆ 1000 ರೂಪಾಯಿ ದಂಡ, ಗೊತ್ತಿರಲಿ ಎಂದು ಹೇಳಿದೆ." ಇದು ಸುಳ್ಳಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕು. ಅಪಾಯ ಎಂದ ಕೂಡಲೇ "ನನ್ನ ಮಗುವಿನ ಮೇಲೆ ನನಗಿಲ್ಲದ ಕಾಳಜಿ ನಿಮಗೇಕೆ" ಎಂಬ ಮುಖ ಎದುರಾಗುತ್ತದೆ. ದಂಡ ಎಂದರೆ ಯಾರ ವಾತ್ಸಲ್ಯಕ್ಕೂ ಧಕ್ಕೆಯಿಲ್ಲ, ಜೇಬಿಗೆ ಮಾತ್ರ. ಚಲಿಸುತ್ತಿರುವ ಕಾರಿಗೆ ಮಾತ್ರ ಈ ಉಪಾಯ ಬೇಡ. ಬೆನ್ನಟ್ಟುವುದು, ಹಾರ್ನ್ ಹೊಡೆಯುವುದು ಚಾಲಕನ ಗಮನ ಕೆಡಿಸುತ್ತದೆ, ಆತ ಬ್ರೇಕ್ ಒತ್ತಿದರೆ ಮೊದಲು ಮುಗ್ಗರಿಸುವುದು ಆ ಮಗುವೇ. ನಂಟರ ಕಾರಿನಲ್ಲಿಯೂ ದಂಡದ ಮಾತು ನಡೆಯುವುದಿಲ್ಲ, ಅದರಲ್ಲೂ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡ ಅಜ್ಜಿಯ ಮುಂದೆ. ಅಲ್ಲಿ ಲೆಕ್ಕ ಹೇಳಿ: "50 ಕಿಲೋಮೀಟರ್ ವೇಗದಲ್ಲಿ ಗುದ್ದಿದರೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದಷ್ಟು ಹೊಡೆತ, ಅಜ್ಜಿ. ಮೂರನೆಯ ಮಹಡಿಯಿಂದ ಬೀಳುವಾಗ ಮಗುವನ್ನು ಕೈಯಲ್ಲಿ ಹಿಡಿದಿಟ್ಟುಕೊಳ್ಳಲು ಆಗುತ್ತದೆಯೇ?" ಅವರು ಒಪ್ಪಿದ ಮೇಲೂ ಒಂದು ತೊಡಕಿದೆ: ದೊಡ್ಡವರ ಬೆಲ್ಟ್ ಪುಟ್ಟ ಮಕ್ಕಳ ಕುತ್ತಿಗೆಗೂ ಹೊಟ್ಟೆಗೂ ಒತ್ತುತ್ತದೆ, ಅವರಿಗೆ ಹಿಂದಿನ ಸೀಟಿನಲ್ಲಿ ಕಟ್ಟಿದ ಮಕ್ಕಳ ಸೀಟೇ ಬೇಕು.